ಕಿರುನೆಲ್ಲಿಯೂ ಕಾಮಾಲೆಯೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಮಳೆಗಾಲವು ಮೊದಲಾಗಿ ನೆಲವು ತಣಿಯುತ್ತಲೇ ಹೊಲದ ಬದುಗಳಲ್ಲಿಯೂ, ಹಿತ್ತಿಲ ಮೂಲೆಗಳಲ್ಲಿಯೂ, ಮಠದ ಪ್ರಾಕಾರದ ಕಲ್ಲುಸಂದುಗಳಲ್ಲಿಯೂ ಗೇಣುದ್ದದ ಒಂದು ಗಿಡವು ತಾನಾಗಿಯೇ ಹುಟ್ಟಿ ಬರುವುದು. ಅದರ ಎಲೆಗಳು ಹುಣಿಸೆಯ ಎಲೆಗಳಂತೆ ಸಣ್ಣವಾಗಿ ಸಾಲಾಗಿರುವುವು. ಆ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಹಸಿರು ಕಾಯಿಗಳು ನೆಲ್ಲಿಯ ಕಾಯಿಯ ಮರಿಗಳಂತೆ ತೂಗುವುವು. ಇದನ್ನೇ ಕನ್ನಡದಲ್ಲಿ ಕಿರುನೆಲ್ಲಿಯೆಂದೂ, ನೆಲನೆಲ್ಲಿಯೆಂದೂ ಕರೆಯುವರು. ತಮಿಳರು ಎಲೆಯ ಕೆಳಗೆ ಕಾಯಿರುವುದನ್ನು ನೋಡಿ ಕೀಳಾನೆಲ್ಲಿಯೆಂದರು. ಸಂಸ್ಕೃತದಲ್ಲಿ ಇದಕ್ಕೆ ಭೂಮ್ಯಾಮಲಕೀ, ತಾಮಲಕೀ, ಬಹುಪತ್ರಾ ಎಂಬ ಹೆಸರುಗಳುಂಟು.

ಕಣ್ಣು ಹಳದಿಯಾದವನಿಗೆ ಈ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲಾಗಲಿ ಮಜ್ಜಿಗೆಯಲ್ಲಾಗಲಿ ಬರಿಯ ಹೊಟ್ಟೆಯಲ್ಲಿ ಕೊಡುವ ಪದ್ಧತಿಯು ನಮ್ಮ ನಾಡಿನಲ್ಲಿ ಬಲ್ಲವರಿಲ್ಲದ ಊರೇ ಇಲ್ಲವೆನ್ನುವಷ್ಟು ರೂಢವಾಗಿರುವುದು. ಕಾಮಾಲೆಯೆಂದೂ ಕಾಮಣಿಯೆಂದೂ ಹೇಳುವ ಈ ರೋಗಕ್ಕೆ ಔಷಧಿ ಕೊಡುವವರು ಹಣವನ್ನು ಮುಟ್ಟದೆ ಧರ್ಮಾರ್ಥವಾಗಿ ಕೊಡುವುದೂ ಅನೇಕ ಕಡೆಗಳಲ್ಲಿ ನಿಯಮವಾಗಿದೆ. ಇಂಥ ನಿಃಸ್ಪೃಹವಾದ ಸೇವೆಯನ್ನು ಯಾರೂ ಹಗುರವಾಗಿ ಕಾಣಲಾರರು. ಆದರೆ ಸೇವೆಯು ಶುದ್ಧವಾಗಿದ್ದ ಮಾತ್ರಕ್ಕೆ ಔಷಧಿಯು ಸಿದ್ಧವಾಗಲಾರದು. ಕಿರುನೆಲ್ಲಿಯು ನಿಜವಾಗಿ ಏನನ್ನು ಮಾಡುತ್ತದೆ, ಏನನ್ನು ಮಾಡುವುದಿಲ್ಲ, ಅದನ್ನು ತಿಳಿಯಲು ವಿದ್ವಾಂಸರು ಪಟ್ಟ ಪ್ರಯಾಸವೇನು ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಶತ್ರುವಿನ ಸ್ವರೂಪವನ್ನು ತಿಳಿಯಬೇಕು. ವೈರಸ್ ಎಂಬುದು ಲ್ಯಾಟಿನ್ ಭಾಷೆಯ ಶಬ್ದ. ಅದಕ್ಕೆ ವಿಷವೆಂದೇ ಅರ್ಥ. ಸಂಸ್ಕೃತದ ‘ವಿಷ’ ಶಬ್ದವೂ ಇದೂ ಒಂದೇ ಮೂಲದಿಂದ ಹುಟ್ಟಿದ ಒಡಹುಟ್ಟುಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಸನು ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ರಚಿಸಿದಾಗ ವಿಷವೆಂಬ ಮಾತಿಗೆ ಇದ್ದ ಅರ್ಥವೇ ಬೇರೆ, ಇಂದು ವೈರಸ್ಸೆಂಬ ಮಾತಿಗಿರುವ ಅರ್ಥವೇ ಬೇರೆ. ೧೮೯೨ರಲ್ಲಿ ರಷ್ಯದ ಇವನೋವ್‌ಸ್ಕಿಯು ಹೊಗೆಸೊಪ್ಪಿನ ಗಿಡಕ್ಕೆ ತಗಲುವ ಮಚ್ಚೆರೋಗವನ್ನು ಪರೀಕ್ಷಿಸುತ್ತ, ಬ್ಯಾಕ್ಟೀರಿಯಗಳು ದಾಟಲಾರದ ಸೂಕ್ಷ್ಮವಾದ ಶೋಧಕದಲ್ಲಿ ಸೋಸಿದ ರಸವೂ ರೋಗವನ್ನು ಹರಡುವುದೆಂದು ಕಂಡನು. ೧೮೯೮ರಲ್ಲಿ ಹಾಲೆಂಡಿನ ಬೈಯೆರಿಂಕನು ಆ ರೋಗಕಾರಕಕ್ಕೆ ವೈರಸ್ಸೆಂಬ ಹೆಸರನ್ನು ಅನ್ವಯಿಸಿದನು. ಹೀಗೆ ವೈರಸ್ಸಿನ ಪ್ರಥಮ ಪರಿಚಯವು ಮನುಷ್ಯರಿಗಾದುದು ಒಂದು ಗಿಡದ ರೋಗದಿಂದಲೇ ಎಂಬುದು ಸ್ಮರಣೀಯವಾದ ಸಂಗತಿ.

ವೈರಸ್ಸಿಗೆ ತನ್ನದೆಂಬ ಮನೆಯಿಲ್ಲ, ಒಲೆಯಿಲ್ಲ, ಅಡಿಗೆಯಿಲ್ಲ. ಅದು ನಮ್ಮ ದೇಹದ ಜೀವಕೋಶವನ್ನು ಹೊಕ್ಕು, ಆ ಕೋಶದ ಸಾಮಗ್ರಿಯಿಂದಲೇ ತನ್ನಂಥವನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿಸಿಕೊಳ್ಳುವುದು. ಆದುದರಿಂದ ಅದನ್ನು ಕೊಲ್ಲುವುದು ಬಲು ಕಷ್ಟ. ಕಳ್ಳನು ಮನೆಯೊಡೆಯನ ವೇಷವನ್ನೇ ಧರಿಸಿ ಒಳಗೆ ಕುಳಿತಿರಲು ಮನೆಗೆ ಬೆಂಕಿಯಿಟ್ಟರೆ ಕಳ್ಳನೊಡನೆ ಒಡೆಯನೂ ಸಾಯುವನು. ವೈರಸ್ಸನ್ನು ತಡೆದು ಕೋಶವನ್ನು ಉಳಿಸುವ ದ್ರವ್ಯವೇ ಔಷಧಿ. ಎರಡನ್ನೂ ಕೆಡಿಸುವುದು ವಿಷ. ಈ ವಿವೇಕವಿಲ್ಲದೆ ‘ಇಂಥ ಸೊಪ್ಪಿನ ರಸವು ಗಾಜಿನ ನಳಿಗೆಯಲ್ಲಿ ವೈರಸ್ಸನ್ನು ಕೊಂದಿತು’ ಎಂಬ ವಾರ್ತೆಯನ್ನು ಕೇಳಿದೊಡನೆ ಹಿಗ್ಗುವುದು ತಕ್ಕುದಲ್ಲ. ಗಾಜಿನ ನಳಿಗೆಯಲ್ಲಿ ಸುಣ್ಣದ ತಿಳಿಯೂ ಕೊಲ್ಲುವುದು.

ಇನ್ನು ಕಾಮಾಲೆಯ ವಿಚಾರ. ಕಾಮಾಲೆಯೆಂಬುದು ಒಂದು ರೋಗದ ಹೆಸರಲ್ಲ. ಅದು ಒಂದು ಲಕ್ಷಣದ ಹೆಸರು. ರಕ್ತದಲ್ಲಿ ಪಿತ್ತವರ್ಣವು ಹೆಚ್ಚಿದಾಗ ಕಣ್ಣೂ ಚರ್ಮವೂ ಹಳದಿಯಾಗುವುವು. ಹೆಚ್ಚಲು ಕಾರಣಗಳು ಅನೇಕ. ನಮ್ಮ ಪ್ರಾಚೀನರು ಇದನ್ನು ತಿಳಿಯದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗಾಧ್ಯಾಯದಲ್ಲಿ, ಪಿತ್ತವು ಹೆಚ್ಚಿ ಬರುವ ಕಾಮಾಲೆಯೇ ಬೇರೆ, ಪಿತ್ತದ ದಾರಿ ಕಟ್ಟಿ ಬರುವ ಕಾಮಾಲೆಯೇ ಬೇರೆ ಎಂದು ವಿಭಾಗಿಸಿ, ಎರಡನೆಯದರಲ್ಲಿ ಮಲವು ಎಳ್ಳಿನ ಹಿಟ್ಟಿನ ಬಣ್ಣಕ್ಕೆ ತಿರುಗುವುದೆಂಬ ಗುರುತನ್ನೂ ಹೇಳಿ, ಚಿಕಿತ್ಸೆಯನ್ನೂ ಭಿನ್ನವಾಗಿ ವಿಧಿಸಿದೆ. ಪಿತ್ತನಾಳದಲ್ಲಿ ಕಲ್ಲೋ ಗಂಟೋ ಸೇರಿ ದಾರಿ ಕಟ್ಟಿದವನಿಗೆ ಇಂದಿಗೂ ಈ ಗುರುತು ಸತ್ಯವಾಗಿಯೇ ಕಾಣುವುದು. ಅಂಥವನಿಗೆ ಕಿರುನೆಲ್ಲಿಯನ್ನು ಎಷ್ಟು ದಿನ ಕುಡಿಸಿದರೂ ಕಲ್ಲು ಕದಲದು. ಇನ್ನೊಂದು ಮಾತು: ಅದೇ ಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ತಾಮಲಕಿಯನ್ನು ಕಾಸಹರ ಮತ್ತು ಶ್ವಾಸಹರ ಗಣಗಳಲ್ಲಿ, ಎಂದರೆ ಕೆಮ್ಮು ಉಬ್ಬಸಗಳ ಔಷಧಿಗಳ ಸಾಲಿನಲ್ಲಿ ಎಣಿಸಿರುವುದು. ಕಾಮಾಲೆಗೆ ಕಿರುನೆಲ್ಲಿಯೇ ಗತಿಯೆಂಬ ಮಾತನ್ನು ಋಷಿವಾಕ್ಯವೆಂದು ಹೇಳಿ ವಿಚಾರವನ್ನು ಮುಗಿಸಿಬಿಡುವವರು ಗ್ರಂಥವನ್ನು ಒಮ್ಮೆ ತೆರೆದು ನೋಡಬೇಕು.

ವೈರಸ್ಸಿನಿಂದ ಯಕೃತ್ತು ಉರಿಗೊಂಡು ಬರುವ ಕಾಮಾಲೆಯಲ್ಲಿಯೂ ಪಂಗಡಗಳುಂಟು. ‘ಎ’ ಮತ್ತು ‘ಇ’ ಎಂಬ ಹೆಪಟೈಟಿಸ್‌ಗಳು ಕೆಟ್ಟ ನೀರಿನಿಂದಲೂ ಆಹಾರದಿಂದಲೂ ಬರುವುವು. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುವುವು. ಆದರೆ ‘ಇ’ ಎಂಬುದು ತುಂಬು ಗರ್ಭಿಣಿಯರಿಗೆ ಪ್ರಾಣಾಂತಿಕವಾಗಬಹುದು. ‘ಬಿ’ ಮತ್ತು ‘ಸಿ’ ಎಂಬುವು ರಕ್ತದ ಮೂಲಕ ಬರುವುವು. ಇವು ದೇಹದಲ್ಲಿ ನೆಲೆನಿಂತು, ಹಲವು ವರ್ಷಗಳ ತರುವಾಯ ಯಕೃತ್ತನ್ನು ಗಂಟುಕಟ್ಟಿಸಿ ಒಣಗಿಸಬಲ್ಲುವು, ಅರ್ಬುದವನ್ನೂ ಹುಟ್ಟಿಸಬಲ್ಲುವು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೨೦೨೨ರಲ್ಲಿ ಜಗತ್ತಿನಲ್ಲಿ ೨೫ ಕೋಟಿ ೪೦ ಲಕ್ಷ ಜನರು ‘ಬಿ’ ವೈರಸ್ಸನ್ನು ಸ್ಥಿರವಾಗಿ ಹೊತ್ತಿದ್ದರು. ಆ ಒಂದೇ ವರ್ಷದಲ್ಲಿ ಸುಮಾರು ೧೧ ಲಕ್ಷ ಜನರು ಅದರಿಂದ ಮೃತರಾದರು.

ಈ ‘ಬಿ’ ವೈರಸ್ಸಿನ ಕಥೆಯಲ್ಲಿಯೇ ಕಿರುನೆಲ್ಲಿಯು ಜಗತ್ತಿನ ಸಭೆಗೆ ಬಂದುದು. ಅಮೆರಿಕದ ಬರೂಕ್ ಬ್ಲುಂಬರ್ಗ್ ಎಂಬ ವೈದ್ಯವಿಜ್ಞಾನಿಯು ನಾನಾ ದೇಶಗಳ ಜನರ ರಕ್ತಭೇದಗಳನ್ನು ಪರಿಶೀಲಿಸುತ್ತಿರಲು, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಒಂದು ಅಪೂರ್ವ ದ್ರವ್ಯವು ಕಂಡುಬಂದಿತು. ೧೯೬೫ರಲ್ಲಿ ಅದು ಆಸ್ಟ್ರೇಲಿಯ ಆಂಟಿಜೆನ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅದು ‘ಬಿ’ ವೈರಸ್ಸಿನ ಹೊರಗವಚದ ಅಂಶವೇ ಎಂಬುದು ಆಮೇಲೆ ಸಿದ್ಧವಾಯಿತು. ಇದಕ್ಕಾಗಿ ಆತನಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆತನೂ ಆತನ ಸಹೋದ್ಯೋಗಿಯಾದ ಇರ್ವಿಂಗ್ ಮಿಲ್‌ಮನ್ನನೂ ಈ ರೋಗಕ್ಕೆ ಲಸಿಕೆಯ ಮಾರ್ಗವನ್ನು ಕಂಡುಹಿಡಿದರು. ಆದರೆ ಲಸಿಕೆಯು ರೋಗ ಬಾರದಂತೆ ಕಾಯುವುದೇ ಹೊರತು ಬಂದವರನ್ನು ಬಿಡಿಸುವುದಿಲ್ಲ. ಈಗಾಗಲೇ ವೈರಸ್ಸನ್ನು ಹೊತ್ತ ಕೋಟ್ಯಂತರ ಜನರ ಗತಿಯೇನು? ಈ ಚಿಂತೆಯಿಂದ ಬ್ಲುಂಬರ್ಗನ ಪರಿವಾರವು ಲೋಕದ ನಾನಾ ಕಡೆಗಳಲ್ಲಿ ಕಾಮಾಲೆಗೆ ಕೊಡುವ ಗಿಡಮೂಲಿಕೆಗಳತ್ತ ದೃಷ್ಟಿಯನ್ನು ತಿರುಗಿಸಿತು.

ಅದಕ್ಕೆ ಮೊದಲೇ ಮದರಾಸು ವಿಶ್ವವಿದ್ಯಾನಿಲಯದ ಎಸ್. ಪಿ. ತ್ಯಾಗರಾಜನ್ ಎಂಬ ವಿದ್ವಾಂಸರೂ ಅವರ ಜೊತೆಯವರೂ ಕಿರುನೆಲ್ಲಿ ಮತ್ತು ಗರುಗದ ಸೊಪ್ಪಿನ ಸಾರಗಳು ‘ಬಿ’ ವೈರಸ್ಸಿನ ಹೊರಗವಚದ ದ್ರವ್ಯವನ್ನು ನಳಿಗೆಯಲ್ಲಿ ನಿಷ್ಕ್ರಿಯಗೊಳಿಸುವುವೆಂದು ೧೯೮೨ರಲ್ಲಿ ಪ್ರಕಟಿಸಿದ್ದರು. ೧೯೮೭ರಲ್ಲಿ ವೆಂಕಟೇಶ್ವರನ್, ಮಿಲ್‌ಮನ್, ಬ್ಲುಂಬರ್ಗ್ ಎಂಬ ಮೂವರು ಇನ್ನೊಂದು ಹೆಜ್ಜೆಯನ್ನಿಟ್ಟರು. ಅಮೆರಿಕದಲ್ಲಿ ವುಡ್‌ಚಕ್ ಎಂಬ, ಬಿಲದಲ್ಲಿ ವಾಸಿಸುವ ದೊಡ್ಡ ಅಳಿಲಿನ ಜಾತಿಯ ಪ್ರಾಣಿಯುಂಟು. ಅದಕ್ಕೆ ‘ಬಿ’ಯನ್ನು ಹೋಲುವ ವೈರಸ್ಸು ತಗಲುವುದು. ಹೊಸದಾಗಿ ಸೋಂಕು ತಗಲಿದ ನಾಲ್ಕು ವುಡ್‌ಚಕ್‌ಗಳ ಉದರದೊಳಕ್ಕೆ ಈ ಗಿಡದ ಸಾರವನ್ನು ಸೂಜಿಯಿಂದ ಸೇರಿಸಲು, ಮೂರರಲ್ಲಿ ವೈರಸ್ಸಿನ ಕುರುಹುಗಳು ಕೆಲವು ವಾರಗಳಲ್ಲಿ ರಕ್ತದಿಂದ ಮರೆಯಾದುವು. ವೈರಸ್ಸು ತನ್ನ ಪ್ರತಿಯನ್ನು ಬರೆದುಕೊಳ್ಳಲು ಉಪಯೋಗಿಸುವ ಪಾಲಿಮರೇಸ್ ಎಂಬ ಕಿಣ್ವವನ್ನು ಈ ಸಾರವು ನಳಿಗೆಯಲ್ಲಿ ತಡೆಯುವುದೂ ಕಂಡುಬಂದಿತು.

೧೯೮೮ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮದರಾಸಿನ ಪರೀಕ್ಷೆಯ ಫಲವು ಪ್ರಕಟವಾಯಿತು. ‘ಬಿ’ ವೈರಸ್ಸನ್ನು ಹೊತ್ತವರಲ್ಲಿ ಕೆಲವರಿಗೆ ಒಣಗಿಸಿ ಪುಡಿಮಾಡಿದ ಕಿರುನೆಲ್ಲಿಯನ್ನು ೨೦೦ ಮಿಲಿಗ್ರಾಮಿನಂತೆ ದಿನಕ್ಕೆ ಮೂರಾವರ್ತಿ ೩೦ ದಿನಗಳವರೆಗೂ, ಮಿಕ್ಕವರಿಗೆ ಔಷಧಿಯಿಲ್ಲದ ಹುಸಿಪುಡಿಯನ್ನೂ ಕೊಟ್ಟರು. ಔಷಧಿಯನ್ನು ತೆಗೆದುಕೊಂಡ ೩೭ ಮಂದಿಯಲ್ಲಿ ೨೨ ಜನರ, ಎಂದರೆ ನೂರಕ್ಕೆ ೫೯ರಷ್ಟು ಜನರ ರಕ್ತದಿಂದ ವೈರಸ್ಸಿನ ಕುರುಹು ಮಾಯವಾಯಿತು. ಹುಸಿಪುಡಿಯ ೨೩ ಮಂದಿಯಲ್ಲಿ ಒಬ್ಬನಲ್ಲಿ ಮಾತ್ರ ಮಾಯವಾಯಿತು. ಹೊಲದ ಬದುವಿನಲ್ಲಿ ತುಳಿತಕ್ಕೆ ಸಿಕ್ಕುವ ಗಿಡವೊಂದು ಲೋಕದ ವೈದ್ಯಮಂಡಲವನ್ನೇ ಬೆರಗುಗೊಳಿಸಿತು. ಈ ದೇಶದ ಜನರು ಅಂದು ಹೆಮ್ಮೆಪಟ್ಟುದು ಸಹಜವೇ ಆಗಿದ್ದಿತು.

ಹೆಮ್ಮೆಯ ತರುವಾಯ ಪರೀಕ್ಷೆಯ ಕಾಲವು ಬಂದಿತು. ಒಬ್ಬರು ಕಂಡುದನ್ನು ಬೇರೆಯವರೂ ಬೇರೆ ಊರಿನಲ್ಲಿ ಕಾಣಬೇಕೆಂಬುದು ವಿಜ್ಞಾನದ ಕಟ್ಟಳೆ. ೧೯೯೦ರಲ್ಲಿ ಅದೇ ಪತ್ರಿಕೆಯಲ್ಲಿ ಥಾಯ್ ದೇಶದ ವೈದ್ಯರು ರೋಗಲಕ್ಷಣಗಳಿಲ್ಲದ ವಾಹಕರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಕಿರುನೆಲ್ಲಿಯು ವೈರಸ್ಸನ್ನು ಕಳೆಯಲಿಲ್ಲವೆಂಬುದೇ ಅದರ ತಲೆಬರಹದ ತಾತ್ಪರ್ಯವಾಗಿದ್ದಿತು. ೧೯೯೪ರಲ್ಲಿ ನ್ಯೂಜಿಲೆಂಡಿನ ಪರೀಕ್ಷೆಯೂ ಹಾಗೆಯೇ ವಿಫಲವಾಯಿತು. ಚೀನದಲ್ಲಿ ಈ ಕುಲದ ಬೇರೆ ಗಿಡಗಳಿಂದ ಕೆಲವು ಆಶಾದಾಯಕವಾದ ವರದಿಗಳು ಬಂದುವಾದರೂ ಅವುಗಳಲ್ಲಿ ಬಹುಪಾಲು ಪರೀಕ್ಷಾಕ್ರಮಗಳು ದುರ್ಬಲವಾಗಿದ್ದುವು. ೨೦೧೧ರಲ್ಲಿ ಕಾಕ್ರೇನ್ ಎಂಬ ಪರಿಶೀಲನಾ ಸಂಘದವರು ಅದುವರೆಗಿನ ೧೬ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿ, ಸ್ಥಿರವಾದ ‘ಬಿ’ ಸೋಂಕಿಗೆ ಈ ಗಿಡವು ಹುಸಿಪುಡಿಗಿಂತ ಹಿತಕರವೆಂದು ಹೇಳಲು ನಂಬತಕ್ಕ ಸಾಕ್ಷ್ಯವಿಲ್ಲವೆಂದು ತೀರ್ಮಾನಿಸಿದರು.

ಹೀಗೇಕಾಯಿತು? ಮೂರು ಕಾರಣಗಳನ್ನು ಇಲ್ಲಿ ವಿಚಾರಿಸಬಹುದು.

ಮೊದಲನೆಯದು ನಾಮರೂಪಗಳ ಗೊಂದಲ. ಬಹುಕಾಲ ಭಾರತದ ಗ್ರಂಥಗಳಲ್ಲಿ ಈ ಗಿಡವನ್ನು ಫಿಲ್ಲಾಂಥಸ್ ನಿರೂರಿ ಎಂದು ಬರೆಯುತ್ತಿದ್ದರು. ಆದರೆ ಆ ಹೆಸರಿನ ನಿಜವಾದ ಗಿಡವು ಅಮೆರಿಕ ಖಂಡದ್ದು. ನಮ್ಮ ಹೊಲಗಳಲ್ಲಿರುವುದು ಫಿಲ್ಲಾಂಥಸ್ ಅಮಾರಸ್. ಅದರ ಪಕ್ಕದಲ್ಲಿಯೇ ಅದನ್ನು ಹೋಲುವ ಬೇರೆ ಜಾತಿಗಳೂ ಬೆಳೆಯುವುವು. ೧೯೮೭ರ ಲೇಖನದಲ್ಲಿ ನಿರೂರಿಯೆಂದಿದ್ದುದು ೧೯೮೮ರ ಲೇಖನದಲ್ಲಿ ಅಮಾರಸ್ ಎಂದಾದುದೂ ಇದಕ್ಕೆ ಸಾಕ್ಷಿ. ಗಿಡವು ಬೆಳೆದ ನೆಲ, ಕಿತ್ತ ಕಾಲ, ಒಣಗಿಸಿದ ರೀತಿ ಇವುಗಳಿಂದ ಒಳಗಿನ ದ್ರವ್ಯಗಳ ಪ್ರಮಾಣವೂ ಬದಲಾಗುವುದು. ಗಿಡವೇ ಒಂದಾಗಿರದಿದ್ದರೆ ಫಲವು ಒಂದಾಗುವುದೆಂತು? ನಾಮ, ರೂಪ, ಗುಣಗಳನ್ನರಿಯದೆ ಕೊಟ್ಟ ಔಷಧಿಯು ಅನರ್ಥಕಾರಿಯೆಂದು ಚರಕನೂ ಎಚ್ಚರಿಸಿರುವನು.

ಎರಡನೆಯದು ನಳಿಗೆಗೂ ದೇಹಕ್ಕೂ ಇರುವ ಅಂತರ. ಕಿರುನೆಲ್ಲಿಯಲ್ಲಿ ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಎಂಬ ದ್ರವ್ಯಗಳೂ, ಜೆರಾನಿನ್, ಕೊರಿಲಾಜಿನ್ ಮುಂತಾದ ಒಗರು ದ್ರವ್ಯಗಳೂ ಇರುವುವು. ಒಗರಿನ ಸ್ವಭಾವವೇನು? ಚರ್ಮವನ್ನು ಹದಮಾಡುವ ಕಾಯಕದವರು ತಂಗಡಿಯ ತೊಗಟೆಯ ನೀರಿನಲ್ಲಿ ತೊಗಲನ್ನು ನೆನೆಹಾಕುವುದನ್ನು ಕಂಡವರಿಗೆ ಇದು ತಿಳಿದಿರುವುದು. ಒಗರು ತೊಗಲಿನ ಪ್ರೋಟೀನನ್ನು ಹಿಡಿದು ಬಿಗಿಗೊಳಿಸುವುದು. ನಳಿಗೆಯಲ್ಲಿ ವೈರಸ್ಸಿನ ಕಿಣ್ವವನ್ನಿಟ್ಟು ಒಗರನ್ನು ಬೆರಸಿದರೆ ಅದನ್ನೂ ಹಿಡಿದು ಬಿಗಿಯುವುದು. ಬೇರೆ ಕಿಣ್ವವನ್ನಿಟ್ಟರೂ ಹಾಗೆಯೇ ಮಾಡುವುದು. ಇದು ವೈರಸ್ಸಿನ ಮೇಲಿನ ವಿಶೇಷ ಶಕ್ತಿಯಲ್ಲ, ಒಗರಿನ ಸಾಮಾನ್ಯ ಧರ್ಮ. ಬಾಯಿಂದ ಕುಡಿದ ಒಗರಾದರೋ ಹೊಟ್ಟೆಯಲ್ಲಿಯೂ ಕರುಳಿನಲ್ಲಿಯೂ ಒಡೆದು ರೂಪಾಂತರ ಹೊಂದುವುದರಿಂದ ಯಕೃತ್ತಿನ ಕೋಶವನ್ನು ಮುಟ್ಟುವ ಪಾಲು ಬಹಳ ಅಲ್ಪ. ಮೇಲಾಗಿ ‘ಬಿ’ ವೈರಸ್ಸು ಯಕೃತ್ತಿನ ಕೋಶದ ಗರ್ಭದೊಳಗೆ ತನ್ನ ಮೂಲಪ್ರತಿಯನ್ನು ಬಚ್ಚಿಟ್ಟಿರುವುದು. ರಕ್ತದಲ್ಲಿ ತೇಲುವ ಪ್ರತಿಗಳನ್ನು ಅಳಿಸಿದರೂ ಮೂಲಪ್ರತಿಯು ಉಳಿದಿರುವವರೆಗೆ ಮತ್ತೆ ನಕಲು ಹುಟ್ಟುತ್ತಲೇ ಇರುವುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅದು ನ್ಯಾಯಶಾಸ್ತ್ರಕ್ಕೆ ಸಂಬಂಧಿಸಿದುದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಒಂದೇ ಗಳಿಗೆಯಾದರೆ ಕಾಗೆಯೇ ಕಾರಣವೆನ್ನುವುದು ಕಾಕತಾಳೀಯ. ನೂರು ಮಂದಿ ಪ್ರಾಯಸ್ಥರಿಗೆ ‘ಬಿ’ ವೈರಸ್ಸು ಹೊಸದಾಗಿ ತಗಲಿದರೆ, ತೊಂಬತ್ತೈದಕ್ಕಿಂತ ಹೆಚ್ಚು ಮಂದಿಯಲ್ಲಿ ದೇಹವೇ ಅದನ್ನು ಕೆಲವು ತಿಂಗಳುಗಳಲ್ಲಿ ಹೊರಹಾಕುವುದು. ‘ಎ’ ಎಂಬ ಕಾಮಾಲೆಯಂತೂ ಬಹುತೇಕ ಎಲ್ಲರಲ್ಲಿಯೂ ವಾಸಿಯಾಗುವುದು. ಆ ನೂರು ಮಂದಿಗೆ ವೈದ್ಯನೊಬ್ಬನು ಬರಿಯ ಮಜ್ಜಿಗೆಯನ್ನೇ ಕುಡಿಸಿದ್ದರೂ ತೊಂಬತ್ತೈದು ಮನೆಗಳಲ್ಲಿ ಆತನ ಕೀರ್ತಿಯು ಹಾಡಲ್ಪಡುತ್ತಿದ್ದಿತು. ಉಳಿದ ಐದು ಮನೆಗಳವರು ‘ನಮ್ಮ ಹಣೆಯ ಬರಹ’ ಎಂದು ಸುಮ್ಮನಾಗುತ್ತಿದ್ದರು. ಇಲ್ಲಿ ವೈದ್ಯನು ವಂಚಕನಲ್ಲ, ರೋಗಿಯು ಮೂಢನಲ್ಲ. ಇಬ್ಬರೂ ಕಣ್ಣಾರೆ ಕಂಡುದನ್ನೇ ಹೇಳುವರು. ಆದರೂ ಅವರ ಅನುಮಾನವು ಹೇತ್ವಾಭಾಸದಿಂದ ಕೂಡಿರುವುದು.

ಈ ದೋಷವನ್ನು ಕಳೆಯುವ ಬಗೆಯೇನು? ನಮ್ಮ ತಾರ್ಕಿಕರು ಕಾರಣತ್ವವನ್ನು ನಿಶ್ಚಯಿಸಲು ಅನ್ವಯ-ವ್ಯತಿರೇಕಗಳೆರಡೂ ಬೇಕೆಂದು ಹೇಳಿರುವರು. ಅದಿದ್ದರೆ ಇದು ಉಂಟಾಗುವುದು ಎಂಬುದು ಅನ್ವಯ. ಅದಿಲ್ಲದಿದ್ದರೆ ಇದು ಉಂಟಾಗದು ಎಂಬುದು ವ್ಯತಿರೇಕ. ಔಷಧಿ ಕುಡಿದವರು ಗುಣವಾದರೆಂಬುದು ಅನ್ವಯ ಮಾತ್ರ. ಕುಡಿಯದವರು ಗುಣವಾಗಲಿಲ್ಲವೆಂಬುದನ್ನೂ ತೋರಿಸಿದ ಹೊರತು ಕಾರಣವು ಸಿದ್ಧಿಸದು. ಮದರಾಸಿನ ವಿದ್ವಾಂಸರು ಹುಸಿಪುಡಿಯ ಗುಂಪನ್ನು ಇಟ್ಟುಕೊಂಡುದು ಈ ವ್ಯತಿರೇಕಕ್ಕಾಗಿಯೇ. ಇದು ಪಾಶ್ಚಾತ್ಯರ ಹೊಸ ಹಟವಲ್ಲ. ನಮ್ಮ ಪಾಠಶಾಲೆಗಳಲ್ಲಿ ಬಾಲಕರಿಗೆ ಕಲಿಸುವ ನ್ಯಾಯವೇ ಇಲ್ಲಿ ರೋಗಿಯ ಹಾಸಿಗೆಯ ಬಳಿಗೆ ಬಂದಿರುವುದು. ಅದು ಒಂದು ಊರಿನಲ್ಲಿ ಒಂದು ಸಾರಿ ಕಂಡರೂ ಸಾಲದು. ಅಗುಳೊಂದನ್ನು ಹಿಸುಕಿ ಅನ್ನವು ಬೆಂದಿತೆನ್ನುವ ಸ್ಥಾಲೀಪುಲಾಕನ್ಯಾಯವು ಒಂದೇ ಪಾತ್ರೆಯ ಅಕ್ಕಿಗೆ ಸಲ್ಲುವುದು. ಮನುಷ್ಯರು ಒಂದೇ ಪಾತ್ರೆಯ ಅಕ್ಕಿಯಲ್ಲ. ಅರುವತ್ತು ಮಂದಿಯಲ್ಲಿ ಕಂಡ ಫಲವನ್ನು ಅನೇಕ ಕಡೆಗಳಲ್ಲಿ ಮತ್ತೆ ನೋಡಿದಾಗ ಅದು ನಿಲ್ಲಲಿಲ್ಲ. ಹಾಗೆಂದು ಮದರಾಸಿನವರ ಶ್ರಮವು ವ್ಯರ್ಥವಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಿದವನಿಗೂ ಉತ್ತರವನ್ನು ಕಂಡವನಷ್ಟೇ ಗೌರವವು ಸಲ್ಲತಕ್ಕದ್ದು.

ಹಾಗಾದರೆ ಸಸ್ಯಗಳಿಂದ ವೈರಸ್ಸಿಗೆ ಮದ್ದೇ ದೊರೆಯದೆಂದು ತಿಳಿಯಬೇಕೇ? ಅಲ್ಲ. ಮೂರು ದೃಷ್ಟಾಂತಗಳನ್ನು ನೋಡಬಹುದು.

ಅಡಿಗೆಮನೆಯ ಮಸಾಲೆಡಬ್ಬಿಯಲ್ಲಿ ಚಕ್ರಮೊಗ್ಗು ಎಂಬ ನಕ್ಷತ್ರಾಕಾರದ ಕಾಯಿಯುಂಟು. ಅದರಲ್ಲಿ ಶಿಕಿಮಿಕ್ ಆಮ್ಲವೆಂಬ ದ್ರವ್ಯವಿದೆ. ಜಪಾನಿನ ಶಿಕಿಮಿ ಎಂಬ ಗಿಡದಿಂದ ೧೮೮೫ರಲ್ಲಿ ಮೊದಲು ಬೇರ್ಪಟ್ಟುದರಿಂದ ಅದಕ್ಕೆ ಆ ಹೆಸರು ಬಂದಿತು. ೧೯೯೯ರಲ್ಲಿ ಇನ್‌ಫ್ಲುಯೆಂಜ ಜ್ವರಕ್ಕೆ ಬಳಕೆಗೆ ಬಂದ ಒಸೆಲ್ಟಾಮಿವಿರ್ ಎಂಬ ಔಷಧಿಯನ್ನು ಈ ಆಮ್ಲದಿಂದಲೇ ಅನೇಕ ಹಂತಗಳ ರಾಸಾಯನಿಕ ಸಂಸ್ಕಾರದಿಂದ ಸಿದ್ಧಗೊಳಿಸಿದರು. ೨೦೦೫ರಲ್ಲಿ ಹಕ್ಕಿಜ್ವರದ ಭೀತಿ ಹಬ್ಬಿದಾಗ ಚಕ್ರಮೊಗ್ಗಿಗೆ ಎಲ್ಲಿಲ್ಲದ ಗಿರಾಕಿಯುಂಟಾಯಿತು. ಆದರೆ ಚಕ್ರಮೊಗ್ಗಿನ ಕಷಾಯವು ಇನ್‌ಫ್ಲುಯೆಂಜದ ಮದ್ದಲ್ಲ. ಶಿಕಿಮಿಕ್ ಆಮ್ಲವೂ ಅಲ್ಲ. ಮರವು ಮನೆಯಾಗಬೇಕಾದರೆ ಬಡಗಿಯು ನಡುವೆ ಬರಬೇಕು. ಇಲ್ಲಿ ಸಸ್ಯವು ಕೊಟ್ಟುದು ಮರವನ್ನು, ಮನೆಯನ್ನಲ್ಲ.

ಎರಡನೆಯದು ಚಹಾ. ಹಸಿರು ಚಹಾ ಎಲೆಯ ಕ್ಯಾಟಿಕಿನ್ ಎಂಬ ಒಗರು ದ್ರವ್ಯಗಳಿಂದ ಮಾಡಿದ ಮುಲಾಮೊಂದಕ್ಕೆ ೨೦೦೬ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಅನುಮತಿಯನ್ನಿತ್ತರು. ಪ್ಯಾಪಿಲೋಮ ವೈರಸ್ಸಿನಿಂದ ಗುಹ್ಯಭಾಗದ ಹೊರಚರ್ಮದಲ್ಲೇಳುವ ನರಹುಲಿಗಳಿಗೆ ಅದನ್ನು ಹಚ್ಚುವರು. ಹೊರಗೆ ಹಚ್ಚುವುದರಿಂದ ಹೊಟ್ಟೆಯ ಅಗ್ನಿಯನ್ನು ದಾಟಬೇಕಾದ ಕಷ್ಟವು ಇದಕ್ಕಿಲ್ಲ. ಇಷ್ಟರಿಂದ ಚಹಾ ಕುಡಿದವರಿಗೆ ವೈರಸ್ ರೋಗಗಳು ಬಾರವೆಂದು ಹೇಳಿದರೆ ಅದು ಅತಿವ್ಯಾಪ್ತಿಯಾಗುವುದು.

ಮೂರನೆಯದು ಮನಸ್ಸನ್ನು ಕಲಕುವಂಥದು. ೧೯೮೭ರಲ್ಲಿ ಬೋರ್ನಿಯೊ ದ್ವೀಪದ ಸರವಾಕ್ ಪ್ರಾಂತದ ಅಡವಿಯಲ್ಲಿ ಸಸ್ಯಸಂಗ್ರಾಹಕರು ಒಂದು ಮರದ ಎಲೆ ರೆಂಬೆಗಳನ್ನು ಕೊಂಡೊಯ್ದರು. ಅದು ನಮ್ಮ ಕರಾವಳಿಯ ಸುರಹೊನ್ನೆಯ ಕುಲಕ್ಕೇ ಸೇರಿದ ಮರ. ಅದರ ಸಾರವು ಏಡ್ಸ್ ರೋಗದ ವೈರಸ್ಸನ್ನು ನಳಿಗೆಯಲ್ಲಿ ತಡೆಯುವುದೆಂದು ತಿಳಿದು, ಇನ್ನಷ್ಟು ತರಲೆಂದು ಮತ್ತೆ ಹೋಗಿ ನೋಡಲು, ಆ ಮರವನ್ನು ಕಡಿದುಬಿಟ್ಟಿದ್ದರು. ಹತ್ತಿರದ ಬೇರೆ ಮರಗಳಲ್ಲಿ ಆ ಗುಣವು ಅಷ್ಟಾಗಿ ಕಾಣಲಿಲ್ಲ. ಮತ್ತೆ ಹುಡುಕಿ, ಅದರ ಮುಖ್ಯದ್ರವ್ಯವಾದ ಕಲನೊಲೈಡ್-ಎ ಎಂಬುದನ್ನು ಗುರುತಿಸಿ, ೧೯೯೨ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಆರಂಭದ ಪರೀಕ್ಷೆಗಳೂ ನಡೆದುವು. ಆದರೂ ಅದು ಇಂದಿಗೂ ರೋಗಿಗಳ ಕೈಗೆ ಬರುವ ಔಷಧಿಯಾಗಿಲ್ಲ. ಕೊಡಲಿಯ ಒಂದು ಪೆಟ್ಟಿಗೆ ಏನೇನು ಉರುಳುವುದೆಂಬುದು ಕಡಿದವನಿಗೂ ಗೊತ್ತಿರಲಿಲ್ಲ, ಹುಡುಕಿದವನಿಗೂ ಮೊದಲು ಗೊತ್ತಿರಲಿಲ್ಲ. ಸಹ್ಯಾದ್ರಿಯ ಮಡಿಲಲ್ಲಿರುವ ಈ ನಾಡಿನವರು ಈ ಕಥೆಯನ್ನು ಮರೆಯಲಾಗದು.

ಈ ದೃಷ್ಟಾಂತಗಳಿಂದ ಹೊರಡುವ ಸಾರವಿಷ್ಟು. ಸಸ್ಯಲೋಕವು ಔಷಧಿಗಳ ಖನಿಯಹುದು. ಆದರೆ ಖನಿಯಿಂದ ತೆಗೆದ ಮಣ್ಣೆಲ್ಲವೂ ಬಂಗಾರವಲ್ಲ. ಕಾಸಿ ಒರೆಹಚ್ಚಿ ನೋಡದೆ ಕೊರಳಿಗೆ ಕಟ್ಟಿಕೊಳ್ಳುವುದು ಜಾಣತನವಲ್ಲ. ನೋಡದೆಯೇ ಮಣ್ಣೆಂದು ಎಸೆಯುವುದೂ ಜಾಣತನವಲ್ಲ.

ಇನ್ನು ಕೊನೆಯದಾಗಿ, ಈ ವಿಚಾರವು ಸಂಸಾರಸ್ಥರ ಮನೆಬಾಗಿಲಿಗೆ ಬಂದಾಗ ಏನನ್ನು ಮಾಡತಕ್ಕದ್ದೆಂಬುದನ್ನು ಹೇಳಬೇಕಾಗಿದೆ. ಪ್ರಾಯಸ್ಥರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ನೆಲೆನಿಲ್ಲುವ ‘ಬಿ’ ವೈರಸ್ಸು, ಹುಟ್ಟುವಾಗಲೇ ತಾಯಿಯಿಂದ ತಗಲಿದ ಕೂಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ನೆಲೆನಿಲ್ಲುವುದು. ಆ ಕೂಸಿಗೆ ಕಣ್ಣು ಹಳದಿಯಾಗುವುದಿಲ್ಲ, ಜ್ವರ ಬಾರದು, ಅಳುವೂ ಹೆಚ್ಚದು. ಆಡಿ ಬೆಳೆದು, ಓದಿ, ಮದುವೆಯಾಗಿ, ಮನೆಗೆ ಆಧಾರವಾಗಿ ನಿಂತ ನಲುವತ್ತನೆಯ ವಯಸ್ಸಿನಲ್ಲಿ ಹೊಟ್ಟೆಯು ನೀರು ತುಂಬಿ ಉಬ್ಬುವುದು. ಆಗ ಊರಿನವರು ‘ಕುಡಿತವಿಲ್ಲ, ದುಶ್ಚಟವಿಲ್ಲ, ಈತನಿಗೇಕೆ ಹೀಗಾಯಿತು’ ಎಂದು ಮರುಗುವರು. ಕಾರಣವು ನಲುವತ್ತು ವರ್ಷಗಳ ಹಿಂದೆ ಬಾಣಂತಿಯ ಕೋಣೆಯಲ್ಲಿತ್ತು. ಅಂದು, ಹುಟ್ಟಿದ ೨೪ ಗಂಟೆಗಳೊಳಗೆ, ತೊಡೆಗೆ ಚುಚ್ಚಬೇಕಾಗಿದ್ದ ಒಂದು ಲಸಿಕೆಯು ಆ ನಲುವತ್ತು ವರ್ಷಗಳ ದುಃಖವನ್ನು ಬಹುಮಟ್ಟಿಗೆ ತಪ್ಪಿಸಬಲ್ಲುದಾಗಿತ್ತು. ಅಂದಿನವರಿಗೆ ಅದು ದೊರೆಯುತ್ತಿರಲಿಲ್ಲ, ಇಂದಿನವರಿಗೆ ದೊರೆಯುವುದು. ಭಾರತದಲ್ಲಿ ೨೦೧೧ರ ವೇಳೆಗೆ ಈ ಲಸಿಕೆಯನ್ನು ಸಾರ್ವತ್ರಿಕ ಲಸಿಕಾಕ್ರಮದಲ್ಲಿ ದೇಶಾದ್ಯಂತ ಸೇರಿಸಲಾಯಿತು. ಯಾವ ಗಿಡವೂ ಈ ಲಸಿಕೆಯ ಕೆಲಸವನ್ನು ಮಾಡಲಾರದು.

ಈಗಾಗಲೇ ವೈರಸ್ಸನ್ನು ಹೊತ್ತವರೂ ಎದೆಗುಂದಬೇಕಾಗಿಲ್ಲ. ಟೆನೊಫೊವಿರ್, ಎಂಟೆಕವಿರ್ ಎಂಬ ಗುಳಿಗೆಗಳು ವೈರಸ್ಸಿನ ನಕಲುಕಾರ್ಯವನ್ನು ಅಡಗಿಸಿ ಯಕೃತ್ತನ್ನು ಕಾಪಾಡುವುವು. ಮೂಲಪ್ರತಿಯನ್ನು ಅವೂ ಕಿತ್ತೆಸೆಯಲಾರವು. ಆದುದರಿಂದ ಬಹುಮಂದಿ ಅವನ್ನು ದೀರ್ಘಕಾಲ ತೆಗೆದುಕೊಳ್ಳಬೇಕಾಗುವುದು. ‘ಗಿಡಮೂಲಿಕೆಯೇ ಸಾಕು’ ಎಂದು ಗುಳಿಗೆಯನ್ನು ತಟ್ಟನೆ ಬಿಟ್ಟವರಲ್ಲಿ ರೋಗವು ಮರುಕಳಿಸಿ ಯಕೃತ್ತು ಒಮ್ಮೆಲೇ ಕುಸಿಯುವ ಭಯವುಂಟು. ಕಿರುನೆಲ್ಲಿಯಿಂದ ಆಗಬಹುದಾದ ಅತಿದೊಡ್ಡ ಹಾನಿಯು ಗಿಡದಲ್ಲಿಲ್ಲ. ಅದನ್ನು ನಂಬಿ ಕಳೆದ ದಿನಗಳಲ್ಲಿದೆ. ೨೦೧೮ರ ಜುಲೈ ೨೮ರಂದು ಭಾರತ ಸರ್ಕಾರವು ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ, ಪರೀಕ್ಷೆಯನ್ನೂ ಔಷಧಿಯನ್ನೂ ಉಚಿತವಾಗಿ ಕೊಡುವ ಏರ್ಪಾಡನ್ನು ಮಾಡಿತು. ಜುಲೈ ೨೮ ಎಂಬುದು ವಿಶ್ವ ಹೆಪಟೈಟಿಸ್ ದಿನ. ಆ ದಿನವನ್ನೇ ಆರಿಸಿದುದು ಅದು ಬ್ಲುಂಬರ್ಗನು ಹುಟ್ಟಿದ ದಿನವಾದುದರಿಂದ.

ಆದುದರಿಂದ ಕಣ್ಣು ಹಳದಿಯಾದವರು ಮೊದಲು ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಲಿ. ಗರ್ಭಿಣಿಯರಂತೂ ತಡಮಾಡದಿರಲಿ, ‘ಬಿ’ಯ ಪರೀಕ್ಷೆಯನ್ನು ಕಾಮಾಲೆಯಿಲ್ಲದಿದ್ದರೂ ಮಾಡಿಸಿಕೊಳ್ಳಲಿ. ಹಳ್ಳಿಯಲ್ಲಿ ಮೂಲಿಕೆ ಕೊಡುವ ಹಿರಿಯರ ಮೇಲೆ ಜನರಿಗಿರುವ ವಿಶ್ವಾಸವು ದೊಡ್ಡದು. ಅವರು ‘ಮೊದಲು ಪರೀಕ್ಷೆ ಮಾಡಿಸಿಕೊಂಡು ಬಾ’ ಎಂಬ ಒಂದೇ ಮಾತನ್ನು ಬಾಗಿಲಲ್ಲಿ ಹೇಳಿದರೆ, ಆಸ್ಪತ್ರೆಯ ಗೋಡೆಯ ಮೇಲೆ ಬರೆದ ನೂರು ಮಾತುಗಳಿಗಿಂತ ಅದು ಹೆಚ್ಚು ಕೆಲಸವನ್ನು ಮಾಡುವುದು. ಶರಣರಲ್ಲಿ ವೈದ್ಯಸಂಗಣ್ಣನೆಂಬವನು ವೈದ್ಯವನ್ನೇ ಕಾಯಕವಾಗಿ ಆಚರಿಸಿದವನು. ಕಾಯಕದಲ್ಲಿ ಸತ್ಯವು ಮೊದಲು. ರೋಗಿಗೆ ತಿಳಿದುದನ್ನು ತಿಳಿದಿದೆಯೆಂದೂ, ತಿಳಿಯದುದನ್ನು ತಿಳಿಯದೆಂದೂ ಹೇಳುವುದೇ ವೈದ್ಯನ ಕಾಯಕಶುದ್ಧಿ.

ಮುಂದಿನ ಮಳೆಗಾಲದಲ್ಲಿಯೂ ಪ್ರಾಕಾರದ ಕಲ್ಲುಸಂದಿನಲ್ಲಿ ಕಿರುನೆಲ್ಲಿಯು ಹುಟ್ಟಿ ಬರುವುದು. ಅದನ್ನು ಕಳೆಯೆಂದು ಕಿತ್ತೆಸೆಯುವುದು ಬೇಡ. ಸಂಜೀವಿನಿಯೆಂದು ತಲೆಯ ಮೇಲೆ ಹೊರುವುದೂ ಬೇಡ. ಮಠದ ಪಾಠಶಾಲೆಯ ಬಾಲಕರು ಅದರ ನಿಜವಾದ ಹೆಸರನ್ನು ಕಲಿಯಲಿ, ಅದನ್ನು ಹೋಲುವ ಗಿಡಗಳಿಂದ ಬೇರ್ಪಡಿಸಿ ಗುರುತಿಸಲಿ. ಅವರಲ್ಲೊಬ್ಬನು ಮುಂದೆ ವಿದ್ವಾಂಸನಾಗಿ ಮದರಾಸಿನವರು ಕೇಳಿದ ಪ್ರಶ್ನೆಯನ್ನು ಇನ್ನೂ ಬಿಗಿಯಾದ ಕ್ರಮದಿಂದ ಮತ್ತೆ ಕೇಳಲಿ. ಉತ್ತರವು ಏನೇ ಬರಲಿ, ಅದನ್ನು ಒಪ್ಪಿಕೊಳ್ಳುವ ಧೈರ್ಯವು ಅವನಿಗಿರಲಿ.